ಹೆಸರು ಬಂದಿದೆ, ಚಿತ್ರ ಬಂದಿಲ್ಲ

ಚಿಕಿತ್ಸೆಯಲ್ಲಿ ಉದುರಿಹೋದ ಹುಬ್ಬುಗಳನ್ನು ಮೇಡಂ ದಿನಾ ಬೆಳಿಗ್ಗೆ ಕಪ್ಪು ಪೆನ್ಸಿಲ್ಲಿನಿಂದ ತಾವೇ ಬರೆದುಕೊಳ್ಳುತ್ತಿದ್ದರು. ಎಡಗೈ ಊದಿಕೊಂಡಿದ್ದರಿಂದ ಕನ್ನಡಿ ಹಿಡಿಯಲು ಆಗುತ್ತಿರಲಿಲ್ಲ. ಹಾಗಾಗಿ ಒಂದು ಹುಬ್ಬು ಮೇಲೆ, ಒಂದು ಕೆಳಗೆ. ಎದುರಿಗಿದ್ದವರನ್ನೆಲ್ಲ ‘ನಿಜವಾ?’ ಎಂದು ಕೇಳುತ್ತಿರುವ ಮುಖ. ಅವರ ಸ್ವಭಾವವೂ ಹಾಗೆಯೇ ಇತ್ತು.

ಶಿವಮೊಗ್ಗದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಟೆಕ್ನೀಷಿಯನ್. ಬಂದವರನ್ನು ಮೆಷಿನ್ನಿನಲ್ಲಿ ಮಲಗಿಸಿ ಚಿತ್ರ ತೆಗೆಯುವುದು ನನ್ನ ಕೆಲಸ, ಅದನ್ನು ನೋಡಿ ಏನಾಗಿದೆ ಎಂದು ಬರೆಯುವುದು ಡಾಕ್ಟರಾದ ಮೇಡಂ ಕೆಲಸ. ಮೊದಲು ಪಕ್ಕದ ಕೋಣೆಯಲ್ಲೇ ಕೂರುತ್ತಿದ್ದರು. ಸ್ತನದ ಕ್ಯಾನ್ಸರಿಗೆ ಆಪರೇಷನ್ ಆದ ಮೇಲೆ ದಿನವೂ ಓಡಾಡುವ ಶಕ್ತಿ ಉಳಿಯಲಿಲ್ಲ. ಭದ್ರಾವತಿಯ ನ್ಯೂ ಟೌನಿನಲ್ಲಿದ್ದ ಮನೆಯಲ್ಲೇ ದೊಡ್ಡ ಪರದೆಗಳನ್ನು ಹಾಕಿಸಿಕೊಂಡರು. ನಾವು ಇಲ್ಲಿಂದ ನೆಟ್‌ನಲ್ಲಿ ಚಿತ್ರ ಕಳಿಸುವುದು, ಅವರು ಅಲ್ಲಿಂದ ರಿಪೋರ್ಟ್ ಕಳಿಸುವುದು ಎಂದಾಯಿತು.

ಫೋನ್ ಮಾಡಿದಾಗಲೆಲ್ಲ ಆ ಕಡೆಯಿಂದ ಮಂಡಕ್ಕಿ ಅಗಿಯುವ ಸದ್ದು ಕೇಳುತ್ತಿತ್ತು. ಊಟ ಸೇರದಿದ್ದರೂ ಖಾರ ಮಂಡಕ್ಕಿ ಸೇರುತ್ತಿತ್ತು. ಚಿತ್ರ ನೋಡುತ್ತಾ ಅದರ ಜೊತೆಗೇ ಮಾತಾಡುತ್ತಿದ್ದರು: “ಎಲ್ಲಿ ಅಡಗಿದೀಯಪ್ಪಾ? ಬಾ, ಹೊರಗೆ ಬಾ.” ನಾವು ಸಬೂಬು ಹೇಳಿದರೆ ಮಾತ್ರ ಕೆಂಡ. “ಗೊತ್ತಿಲ್ಲ ಅನ್ನು, ಒಪ್ಕೋತೀನಿ. ನೋಡದೇನೇ ಎಲ್ಲಾ ಸರಿ ಇದೆ ಅನ್ನಬೇಡ” ಎನ್ನುತ್ತಿದ್ದರು.

ಸೆಂಟರಿಗೆ ಹೊಸ ಇಂಟರ್ನೆಟ್ ಲೈನ್ ಹಾಕಿಸಿದ ಮರುದಿನ ಗಾರೆ ಕೆಲಸದವರೊಬ್ಬರನ್ನು ಎತ್ತಿಕೊಂಡು ಬಂದರು. ಕಟ್ಟಡದ ಮೇಲಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಅವರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು, ಸೆರಗೆಲ್ಲ ರಕ್ತ. ಸ್ಕ್ಯಾನ್ ಮುಗಿಸಿ ಕಳಿಸಲು ಒತ್ತಿದೆ. ಪರದೆಯ ಹಸಿರು ಪಟ್ಟಿ ಚೂರು ಮುಂದೆ ಹೋಗಿ ನಿಂತುಬಿಟ್ಟಿತು. ರದ್ದು ಮಾಡಿ ಮತ್ತೆ ಕಳಿಸಿದೆ. ಅಲ್ಲೇ ನಿಂತಿತು. ಸಂಪರ್ಕ ಪರೀಕ್ಷಿಸುವ ಬಟನ್ ಒತ್ತಿದರೆ ‘ಓಕೆ’ ಎಂದು ತೋರಿಸುತ್ತದೆ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರೆ, “ಲೈನ್ ಪಕ್ಕಾ ಇದೆ, ನಮ್ ಕಡೆಯಿಂದ ಏನೂ ಪ್ರಾಬ್ಲಂ ಇಲ್ಲ” ಎಂದರು.

ಕೊನೆಗೆ ಮೇಡಂ ಫೋನಿನಲ್ಲಿ, “ಪರದೆಯದ್ದೇ ಮೊಬೈಲಲ್ಲಿ ಫೋಟೋ ಹೊಡೆದು ಕಳಿಸು” ಎಂದರು. ಆ ಮಸುಕು ಫೋಟೋಗಳಲ್ಲೇ ರಕ್ತಸ್ರಾವ ಗುರುತಿಸಿ, ಕೂಡಲೇ ಆಪರೇಷನ್ನಿಗೆ ಕಳಿಸಲು ಹೇಳಿದರು. ಆದರೆ ಅಷ್ಟರಲ್ಲಿ ತುಂಬ ಹೊತ್ತು ಕಳೆದುಹೋಗಿತ್ತು. ಆ ಮನುಷ್ಯ ಸಂಜೆ ತೀರಿಕೊಂಡರು.

ಮರುದಿನ ನಾನು ಸೆಂಟರಿನ ಬೀಗ ತೆಗೆಯುವಾಗಲೇ ಮೇಡಂ ಫೋನ್ ಬಂತು.

“ಲೈನ್ ಕೆಟ್ಟಿದೆ ಅಂತ ಹೇಳಬೇಡ. ಏನು ಬರ್ತಿದೆ, ಏನು ಬರ್ತಿಲ್ಲ, ಅದನ್ನ ಹೇಳು.”

“ನಿಮ್ಮ ಕಡೆ ಏನು ಕಾಣ್ತಿದೆ ಮೇಡಂ?”

“ಹೆಸರು ಬಂದಿದೆ, ವಯಸ್ಸು ಬಂದಿದೆ. ಚಿತ್ರ ಒಂದೂ ಬಂದಿಲ್ಲ. ಅಂದ್ರೆ ಸಣ್ಣದು ದಾಟ್ತಿದೆ, ದೊಡ್ಡದು ದಾಟ್ತಿಲ್ಲ. ಅನ್ನನಾಳ ಕಟ್ಕೊಂಡೋರು ನೀರು ಕುಡೀತಾರೆ, ತುತ್ತು ಇಳಿಯಲ್ಲ. ಇದೂ ಅದೇ ಕಾಯಿಲೆ ಮಾರಾಯ್ತಿ.”

ಅವರು ಅಷ್ಟರಲ್ಲಿ ಓದಿಕೊಂಡಿದ್ದರು. ಕಂಪ್ಯೂಟರ್ ಯಾವ ಫೈಲನ್ನೂ ಇಡಿಯಾಗಿ ಕಳಿಸುವುದಿಲ್ಲ, ತುಂಡು ತುಂಡು ಮಾಡಿ ಕಳಿಸುತ್ತದೆ. ಹೊಸ ಲೈನಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ದೊಡ್ಡ ತುಂಡುಗಳು ಸದ್ದಿಲ್ಲದೆ ಬಿದ್ದುಹೋಗುತ್ತಿದ್ದವು. ಬಿದ್ದ ಸುದ್ದಿ ಸಿಗದೆ ನಮ್ಮ ಕಂಪ್ಯೂಟರ್ ಅದೇ ತುಂಡನ್ನು ಮತ್ತೆ ಮತ್ತೆ ಕಳಿಸುತ್ತಾ ಕೂತಿರುತ್ತಿತ್ತು. ಮೇಡಂ ಹೇಳಿದಂತೆ ಬೇರೆ ಬೇರೆ ಅಳತೆಯ ಖಾಲಿ ತುಂಡುಗಳನ್ನು ಕಳಿಸಿ ನೋಡಿದೆ. ಒಂದು ಅಳತೆಯವರೆಗೆ ಉತ್ತರ ಬಂತು, ಅದನ್ನು ಮೀರಿದರೆ ಇಲ್ಲ. ರೂಟರಿನ ಸೆಟ್ಟಿಂಗಿಗೆ ಹೋಗಿ ತುಂಡಿನ ಅಳತೆ ತಗ್ಗಿಸಿದೆ. ಹಸಿರು ಪಟ್ಟಿ ಸರಸರನೆ ತುಂಬಿತು.

ಸಾಲಿನಲ್ಲಿ ಮೊದಲು ಕಾಯುತ್ತಿದ್ದದ್ದು ತೀರಿಹೋದವರ ಚಿತ್ರಗಳು. ಮೊದಲು ಹೋಗಿದ್ದೂ ಅವೇ. ಮೇಡಂ ಅವನ್ನು ಒಂದೊಂದಾಗಿ ನೋಡಿದರು.

“ಲೈನ್ ನಿಂತಿದ್ದಕ್ಕೇ ಅವರು ಹೋದ್ರು ಅಂತ ನಾನು ಹೇಳಲ್ಲ” ಎಂದರು. “ಅದರಿಂದ ಅಲ್ಲ ಅಂತಾನೂ ಹೇಳಲ್ಲ.”

ಆಮೇಲೆ ಒಂದು ವರ್ಷ ಆ ತೊಂದರೆ ಬರಲಿಲ್ಲ. ಮೇಡಂಗೆ ಬೆನ್ನುನೋವು ಶುರುವಾಯಿತು. ಕೂತು ಕೂತು ಬಂದದ್ದು ಎಂದು ಅವರ ಯಜಮಾನರು ಹೇಳಿದರು. ಮೇಡಂ ಹಾಗೆ ಹೇಳಲಿಲ್ಲ. ಸ್ಕ್ಯಾನಿಗೆ ಯಜಮಾನರೇ ಕಾರಿನಲ್ಲಿ ಕರೆತಂದರು. ನಾನು ಮೇಡಂ ಅವರನ್ನು ಮಲಗಿಸಿ, ಊದಿದ ಕೈಯ ಕೆಳಗೆ ದಿಂಬಿಟ್ಟು, ಗಾಜಿನ ಈಚೆ ಬಂದು ಕೂತೆ.

ಟೆಕ್ನೀಷಿಯನ್ ಏನನ್ನೂ ಹೇಳುವಂತಿಲ್ಲ. ಆದರೆ ಇಷ್ಟು ವರ್ಷ ನೋಡಿದ ಕಣ್ಣಿಗೆ ಕಾಣದೇ ಇರುತ್ತದೆಯೇ? ಬೆನ್ನುಮೂಳೆಯಲ್ಲಿತ್ತು. ಲಿವರಿನಲ್ಲೂ ಇತ್ತು. ಮೇಡಂ ನನ್ನ ಮುಖ ನೋಡಲಿಲ್ಲ, ನೋಡಬಾರದೆಂದೇ ನೋಡಲಿಲ್ಲ. “ಮನೇಲಿ ನನ್ನ ಪರದೇಲೇ ನೋಡ್ತೀನಿ. ಕಳಿಸು” ಎಂದು ಹೊರಟುಹೋದರು.

ಹಿಂದಿನ ದಿನದ ಸಿಡಿಲಿಗೆ ಹಳೆಯ ರೂಟರ್ ಸುಟ್ಟು, ಆ ಬೆಳಿಗ್ಗೆಯಷ್ಟೇ ಹೊಸದನ್ನು ಕೂರಿಸಿದ್ದರು. ಕಳಿಸಲು ಒತ್ತಿದೆ. ಪಟ್ಟಿ ಚೂರು ಮುಂದೆ ಹೋಗಿ ನಿಂತಿತು. ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಆದರೂ ಕೈ ಏಳಲಿಲ್ಲ. ನಿಂತಷ್ಟು ಹೊತ್ತು ನಿಲ್ಲಲಿ, ಅಷ್ಟು ಹೊತ್ತಾದರೂ ಅವರು ನೆಮ್ಮದಿಯಾಗಿರಲಿ ಅನ್ನಿಸಿತು. ಮೇಡಂ ಮನೆ ತಲುಪಿದ ಕೂಡಲೇ ಫೋನ್ ಬಡಿದುಕೊಂಡಿತು.

“ನನ್ನ ಹೆಸರು ಬಂದಿದೆ. ಚಿತ್ರ ಬಂದಿಲ್ಲ” ಎಂದರು.

“ರೂಟರ್ ಬದಲಾಯಿಸಿದ್ರಾ?”

“ಹೌದು ಮೇಡಂ.”

“ಅಳತೆ ತಗ್ಗಿಸು ಹಾಗಾದ್ರೆ.”

“ಮೇಡಂ... ನಾಳೆ ನೋಡಿದ್ರಾಗಲ್ವಾ?”

“ನಾಳೆ ಅದು ಚಿಕ್ಕದಾಗುತ್ತಾ?” ಎಂದರು. ಬೈದದ್ದಲ್ಲ, ದನಿ ಮೆತ್ತಗಿತ್ತು. “ನಾವು ಜನರನ್ನ ಕಾಯಿಸಿದೀವಿ. ಅದು ಹೇಗಿರುತ್ತೆ ಅಂತ ನಂಗೆ ಈಗ ಗೊತ್ತಾಗ್ತಿದೆ. ಕಳಿಸು ಮಗಾ.”

ಅಲ್ಲಿಯವರೆಗೆ ಅವರು ನನ್ನನ್ನು ಮಗಾ ಎಂದು ಕರೆದಿರಲಿಲ್ಲ.

ಅಳತೆ ತಗ್ಗಿಸಿದೆ. ಚಿತ್ರಗಳು ಒಂದರ ಹಿಂದೆ ಒಂದು ಹೊರಟವು. ಮೇಡಂ ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಆ ಕಡೆ ಮೌಸಿನ ಚಕ್ರ ತಿರುಗುವ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಬೇರೆ ಯಾರದೋ ಬಗ್ಗೆ ಎಂಬಂತೆ ಹೇಳತೊಡಗಿದರು: ಲಿವರಿನಲ್ಲಿ ಹಲವು ಗಂಟುಗಳು, ಬೆನ್ನುಮೂಳೆಗೆ ಹರಡಿದೆ. ಕೊನೆಗೆ, “ನೀನು ಆಗ್ಲೇ ನೋಡಿದ್ದೆ ಅಲ್ವಾ?” ಎಂದು ಕೇಳಿದರು.

“ಹೌದು ಮೇಡಂ.”

“ಚಿತ್ರ ಚೆನ್ನಾಗಿ ತೆಗೆದಿದೀಯ. ಒಂದೂ ಅಲುಗಾಡಿಲ್ಲ.” ಫೋನ್ ಇಟ್ಟರು. ನಾನು ಗೋಪಾಳ ಬಡಾವಣೆಯ ನನ್ನ ಮನೆ ತಲುಪುವವರೆಗೂ ಅಳು ತಡೆದುಕೊಂಡಿದ್ದೆ.

ತಮ್ಮ ರಿಪೋರ್ಟಿಗೆ ತಾವೇ ಸಹಿ ಹಾಕಬಾರದೆಂದು ಮಂಗಳೂರಿನ ಒಬ್ಬ ಸಹಪಾಠಿಗೆ ಚಿತ್ರ ಕಳಿಸಿದರು. ಅವರೂ ಅದನ್ನೇ ಬರೆದರು. ಮೇಡಂ ಮಾತ್ರ ಮರುದಿನದಿಂದ ಎಂದಿನಂತೆ ಉಳಿದವರ ಚಿತ್ರ ನೋಡತೊಡಗಿದರು. ನೋವಿನ ಔಷಧಿ ಜಾಸ್ತಿಯಾದ ಮೇಲೆ ಒಂದು ದಿನ ತಾವೇ ನಮ್ಮ ಮಾಲೀಕರಿಗೆ ಫೋನ್ ಮಾಡಿ, “ಇನ್ನು ನಂಗೆ ಕಳಿಸಬೇಡಿ. ನನ್ನ ಕಣ್ಣನ್ನ ನಾನೇ ನಂಬೋ ಹಾಗಿಲ್ಲ” ಎಂದರಂತೆ. ಆಮೇಲೆ ಬೇಗ ಹೋಗಿಬಿಟ್ಟರು.

ಕಾರ್ಯಗಳೆಲ್ಲ ಮುಗಿದ ಮೇಲೆ ಯಜಮಾನರು ನನ್ನನ್ನು ಕರೆಸಿದರು. ಮೇಡಂ ಕಂಪ್ಯೂಟರನ್ನು ಅವರು ಆರಿಸಿರಲಿಲ್ಲ. ಪರದೆ ಕಪ್ಪಾಗಿತ್ತು, ಒಳಗಿನ ಫ್ಯಾನ್ ಮಾತ್ರ ತಿರುಗುತ್ತಿತ್ತು.

“ಈ ಸದ್ದಿದ್ರೆ ಒಳಗೆ ಕೆಲಸ ಮಾಡ್ತಿದಾಳೆ ಅನ್ನಿಸುತ್ತೆ” ಎಂದರು. “ಇವತ್ತು ನೀನೇ ಆರಿಸಿಬಿಡಮ್ಮ. ನನ್ ಕೈಲಾಗಲ್ಲ.”

ನಾನು ಆರಿಸಿದೆ. ಫ್ಯಾನ್ ನಿಧಾನವಾಗಿ ನಿಂತಿತು. ಅವರು ಅಡುಗೆಮನೆಗೆ ಹೋಗಿ ಇಬ್ಬರಿಗೂ ಕಾಫಿ ಬೆರೆಸಿ ತಂದರು. ಸಕ್ಕರೆ ಹಾಕುವುದನ್ನು ಮರೆತಿದ್ದರು. ನಾವಿಬ್ಬರೂ ಹಾಗೆಯೇ ಕುಡಿದೆವು.