ಕಿಟಕಿಯಲ್ಲೊಂದು ಖಾಲಿ ಚೌಕಟ್ಟು

ಎಲ್ಬೆ ನದಿಯ ಮೇಲಿನ ಮಂಜು ಇನ್ನೂ ಸರಿದಿಲ್ಲ. ಬೇಕರಿಯ ದೀಪ ಬಿಟ್ಟರೆ ಬೀದಿಯೆಲ್ಲ ಕತ್ತಲು. ಫೋಟೋ ಸ್ಟುಡಿಯೋದ ಗಾಜಿನ ಕಿಟಕಿಯೊಳಗೆ ಅರವತ್ತು ದಾಟಿದ ಹೆಂಗಸೊಬ್ಬರು ಕಾಲುಚೀಲದಲ್ಲೇ ಏಣಿ ಹತ್ತಿ ನಿಂತಿದ್ದಾರೆ. ಒಂದು ಕೈಯಲ್ಲಿ ಫೋಟೋ, ಇನ್ನೊಂದರಲ್ಲಿ ಭೂತಗನ್ನಡಿ. ತೂಗುಹಾಕುವ ಮುಂಚೆ ಪ್ರತಿ ಫೋಟೋವನ್ನೂ ಮೂಲೆಯಿಂದ ಮೂಲೆಗೆ ನೋಡುತ್ತಾರೆ. ಮಗುವಿನ ಮುಖದ ಸರದಿ ಬರುವುದು ಕೊನೆಗೆ.

"ಮುಖ ಎಲ್ಲರೂ ನೋಡ್ತಾರೆ. ಹಿಂದಿರೋದನ್ನ ನಾನು ನೋಡ್ಬೇಕು. ಮನೆ ನಂಬರು, ಕಾರಿನ ನಂಬರು, ಪಕ್ಕದಲ್ಲಿ ನಿಂತ ಬೇರೆಯವರ ಮಗು..."

ಇವರನ್ನು ರೋಸ್ವಿತಾ ಎನ್ನೋಣ. ಅದು ಅವರ ಅಜ್ಜಿಯ ಹೆಸರು. ತಮ್ಮ ಹೆಸರು, ಊರಿನ ಹೆಸರು ಎರಡೂ ಬೇಡ ಎಂಬುದು ಮಾತಿಗೆ ಕೂರುವ ಮುಂಚೆಯೇ ಅವರು ಹಾಕಿದ ಷರತ್ತು. ಕಾರಣ ಮುಂದೆ ತಿಳಿಯುತ್ತದೆ.

ಮೊನ್ನೆ ಶನಿವಾರ ಊರಿನ ಮಕ್ಕಳು ಮೊದಲ ಸಲ ಶಾಲೆಗೆ ಹೋದರು. ಅವತ್ತು ಇಲ್ಲಿನ ಪದ್ಧತಿಯಂತೆ ಪ್ರತಿ ಮಗುವಿನ ತೋಳಲ್ಲೂ ಅದರಷ್ಟೇ ಎತ್ತರದ, ಸಿಹಿ ತುಂಬಿದ ಶಂಕುವಿನಾಕಾರದ ಪೊಟ್ಟಣ. ಅದರ ಬಟ್ಟೆಯ ಹೊದಿಕೆಯನ್ನು ತಾಯಂದಿರು ವಸಂತದಲ್ಲೇ ಕೂತು ಹೊಲಿದಿರುತ್ತಾರೆ. ಪೊಟ್ಟಣ ಹಿಡಿದ ಮಕ್ಕಳ ಫೋಟೋಗಳು ಸೋಮವಾರ ಈ ಕಿಟಕಿಗೆ ಬರುತ್ತವೆ. ಊರೆಲ್ಲ ನೋಡಲು ಬರುತ್ತದೆ.

ರೋಸ್ವಿತಾ ಮೊದಲು ಫಿಲ್ಮ್ ಕಾರ್ಖಾನೆಯ ಕತ್ತಲೆ ಕೋಣೆಯಲ್ಲಿದ್ದವರು. ದೇಶವನ್ನು ಎರಡಾಗಿಸಿದ್ದ ಗೋಡೆ ಬಿದ್ದ ಮೇಲೆ ಕಾರ್ಖಾನೆ ಮುಚ್ಚಿತು. ಮನೆಗಳ ಮೆಟ್ಟಿಲು ತೊಳೆದರು, ಆಸ್ಪತ್ರೆಯ ಬಟ್ಟೆ ಒಗೆದರು, ಸೊಂಟ ಹಾಳುಮಾಡಿಕೊಂಡರು. ಕೊನೆಗೆ ಇಲ್ಲಿ ಸೇರಿದರು. ಯಾರ ಫೋಟೋ ಎಲ್ಲಿಡಬೇಕು, ಯಾರಿಗೆ ತೋರಿಸಬಹುದು, ಯಾವಾಗ ಅಳಿಸಬೇಕು ಎಂಬ ಕೆಲಸವೆಲ್ಲ ಈಗ ಇವರದೇ. ಕಾನೂನು ಕೇಳುವ ಖಾಸಗಿತನದ ನೀತಿ ಗೋಡೆಯ ಮೇಲಿದೆ, ಓದುವವರಿಲ್ಲ. ಆದ್ದರಿಂದ ಬಂದವರಿಗೆಲ್ಲ ಇವರೇ ಬಾಯಲ್ಲಿ ಹೇಳುತ್ತಾರೆ.

"ಗೋಡೆ ಇದ್ದ ಕಾಲದಲ್ಲಿ ಸರ್ಕಾರದ ಕಡೆಯ ಯಾರ್ಯಾರೋ ನಮ್ಮ ಬಗ್ಗೆ ಎಲ್ಲಾ ಬರೆದಿಡ್ತಿದ್ರು. ಒಂದು ಮಾತು ಕೇಳ್ತಿರ್ಲಿಲ್ಲ. ಕೇಳೋದಕ್ಕೇನು ಕಷ್ಟ?"

ಅಷ್ಟರಲ್ಲಿ ಮಾಲೀಕ, ಅವನನ್ನು ಹೆನ್ನಿಂಗ್ ಎನ್ನೋಣ, ಬಿಸಿ ಬನ್ನಿನ ಚೀಲ ಹಿಡಿದು ಬರುತ್ತಾನೆ. "ಅಯ್ಯೋ, ಇನ್ನೂ ಅರ್ಧ ಕಿಟಕಿ ಖಾಲಿ! ನಿನ್ನ ಕೈಗೆ ಬಿಟ್ರೆ ಬರೀ ಬೂಟಿನ ಫೋಟೋ ಉಳಿಯತ್ತೆ."

"ಬೂಟಿಂದಲೂ ಗುರುತು ಹಿಡೀತಾರೆ ಕಣೋ. ಬನ್ನು ಅಲ್ಲಿಡು, ಗಾಜಿಗೆ ಬೆಣ್ಣೆ ಕೈ ಇಡಬೇಡ."

ನಗುತ್ತಲೇ ಹೇಳಿದರೂ ಅವರಿಗೆ ಅದು ತಮಾಷೆಯಲ್ಲ. ಮೂರು ವರ್ಷದ ಹಿಂದೆ ಒಬ್ಬ ತಾಯಿ, ಹೊಡೆಯುವ ಗಂಡನನ್ನು ಬಿಟ್ಟು ಮಗಳ ಜೊತೆ ಈ ಊರಿಗೆ ಬಂದಿದ್ದಳು. ಅವನು ಹುಡುಕುತ್ತಲೇ ಇದ್ದ. ಮಗಳ ಮುಖ ಕಿಟಕಿಯಲ್ಲಿ ಬೇಡ ಎಂದಳು. ಹಿಂದಿನಿಂದ ತೆಗೆದದ್ದಾದರೆ, ಎಂದು ರೋಸ್ವಿತಾ ಕೇಳಿದರು. ಆಗಲಿ ಎಂದಳು. ರೋಸ್ವಿತಾ ಎರಡು ಜಡೆ, ಹೊಸ ಬ್ಯಾಗು, ಭುಜದಾಚೆ ಇಣುಕುವ ಪೊಟ್ಟಣ ಇದ್ದ ಫೋಟೋ ಆರಿಸಿದರು. ಚೆಂದದ ಫೋಟೋ. ತಾಯಿಗೆ ತೋರಿಸದೆಯೇ ಕಿಟಕಿಗೆ ಹಾಕಿಬಿಟ್ಟರು.

ಸೋಮವಾರ ಬಾಗಿಲು ತೆರೆಯುತ್ತಿದ್ದಂತೆ ಆ ತಾಯಿ ಓಡಿಬಂದಳು. ತಲೆಯಲ್ಲಿ ಶಾಂಪೂ ನೊರೆ ಹಾಗೇ ಇತ್ತು. ಗೆಳತಿಯೊಬ್ಬಳು ಕಿಟಕಿಯ ಚಿತ್ರವನ್ನು ಅವಳ ಮೊಬೈಲಿಗೆ ಕಳಿಸಿದ್ದಳಂತೆ. ಫೋಟೋದಲ್ಲಿನ ಪೊಟ್ಟಣದತ್ತ ಬೆರಳು ತೋರಿಸಿದಳು.

"ಆ ಬಟ್ಟೆ ಅವರ ಹಳೇ ಮನೆಯ ಪರದೆ. ಬರುವಾಗ ಕಿತ್ಕೊಂಡು ಬಂದಿದ್ದಳು. ಹೊಲಿಯೋಕೆ ಬೇರೆ ಬಟ್ಟೆ ಇರ್ಲಿಲ್ಲ. ಆ ಪರದೆ ತೂಗುಹಾಕಿದ್ದು ಅವಳ ಗಂಡನೇ. ಅವನು ಈ ಫೋಟೋ ನೋಡಿದ್ರೆ ಸಾಕಿತ್ತು, ಗುರುತು ಸಿಕ್ಕಿಬಿಡ್ತಿತ್ತು."

ರೋಸ್ವಿತಾ ಫೋಟೋ ಇಳಿಸಿದರು, ಎಲ್ಲ ಯಂತ್ರಗಳಿಂದಲೂ ಅವಳ ಕಣ್ಣೆದುರೇ ಅಳಿಸಿದರು, ಉಳಿದ ಒಂದೇ ಪ್ರತಿಯನ್ನು ಅವಳ ಕೈಗಿಟ್ಟರು. ಆಮೇಲೆ ಸೊಂಟಕ್ಕೆ ಪಟ್ಟಿ ಬಿಗಿದು, ಕಿಟಕಿಯ ಚಿತ್ರ ತೆಗೆದಿದ್ದವರ ಮನೆ ಬಾಗಿಲುಗಳನ್ನು ತಟ್ಟುತ್ತಾ ಸಂಜೆಯವರೆಗೆ ತಿರುಗಿದರು.

"ಒಬ್ಬ ಅಜ್ಜಿ, 'ಅಳಿಸೋದು ನಂಗೆ ಬರಲ್ಲ, ನೀನೇ ಅಳಿಸು, ಹಾಗೇ ನನ್ನ ಅಳಿಯನ ಫೋಟೋನೂ ತೆಗೆದುಬಿಡು' ಅಂದ್ರು. ಅವತ್ತು ನಾನು ನಕ್ಕಿದ್ದು ಅದೊಂದೇ ಸಲ."

ಗಂಡ ಬರಲಿಲ್ಲ. ತಾಯಿ, ಮಗಳು ಈಗಲೂ ಇದೇ ಊರಲ್ಲಿದ್ದಾರೆ. ಆ ತಾಯಿ ಒಪ್ಪಿದ ಮೇಲೆಯೇ ಈ ಕಥೆ ಇಲ್ಲಿ ಬಂದಿದೆ. ಪರದೆಯ ಬಣ್ಣವನ್ನು ಮಾತ್ರ ರೋಸ್ವಿತಾ ನಮಗೂ ಹೇಳಲಿಲ್ಲ.

ಅಂದಿನಿಂದ 'ಫೋಟೋ ಹಾಕಬಹುದಾ' ಎಂದಷ್ಟೇ ಕೇಳಿ ಅವರು ಸುಮ್ಮನಾಗುವುದಿಲ್ಲ. ತಾಯಂದಿರನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಫೋಟೋ ತೋರಿಸುತ್ತಾರೆ. "ಇದರಲ್ಲಿ ಯಾರಾದ್ರೂ ಗುರುತು ಹಿಡಿಯೋ ಅಂಥದ್ದು ಏನಾದ್ರೂ ಇದೆಯೇನಮ್ಮಾ? ನಿಂಗೆ ಗೊತ್ತಿರತ್ತೆ, ನಂಗೆ ಗೊತ್ತಿರಲ್ಲ."

ಬೆಳಕು ಹರಿಯುವ ಹೊತ್ತಿಗೆ ಕಿಟಕಿ ತುಂಬಿದೆ. ನಡುವೆ ಒಂದು ಚೌಕಟ್ಟು ಮಾತ್ರ ಖಾಲಿ. ಫೋಟೋ ಬಿದ್ದಿರಬೇಕು ಎಂದು ದಾರಿಹೋಕರು ಒಳಗೆ ಬಂದು ಹೇಳಿ ಹೋಗುತ್ತಾರಂತೆ.

"ಅದು ಆ ಹುಡುಗೀದು. ದೊಡ್ಡವಳಾದ ಮೇಲೆ ತಾನೇ ಫೋಟೋ ತಂದು 'ಹಾಕಿ' ಅಂದ್ರೆ ಹಾಕ್ತೀನಿ. ಅನ್ನದಿದ್ರೂ ಜಾಗ ಅವಳದ್ದೇ," ಎನ್ನುತ್ತಾ ರೋಸ್ವಿತಾ ಏಣಿ ಇಳಿದು, ಖಾಲಿ ಚೌಕಟ್ಟಿನ ಗಾಜನ್ನೂ ಉಳಿದವುಗಳಷ್ಟೇ ಜತನದಿಂದ ಒರೆಸುತ್ತಾರೆ.