ಬೆರಳಲ್ಲಿ ಓದುತ್ತಿದ್ದ ಬಾಯಮ್ಮ

ಬಾಯಮ್ಮನ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಎಣ್ಣೆ ಮುಟ್ಟಿದ ಹಾಗೆ ಮಿನುಗುತ್ತಿದ್ದವು. ಅದು ಟೆಲೆಕ್ಸ್ ಟೇಪಿನ ಎಣ್ಣೆ. ಸೀರೆಯ ನೆರಿಗೆಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಹಳದಿ ಕಾಗದದ ಚೂರುಗಳು. ಸಂಜೆ ಬಸ್ಸು ಹತ್ತುವ ಮೊದಲು ಎಷ್ಟು ಕೊಡವಿದರೂ ನಾಲ್ಕು ಉಳಿದೇ ಉಳಿಯುತ್ತಿದ್ದವು.

ಬಂದರಿನಲ್ಲಿ ಹಡಗು ಏಜೆನ್ಸಿಯೊಂದರ ಆಫೀಸು ನಮ್ಮದು. ಎಂಬತ್ತರ ದಶಕದ ಆರಂಭ. ನಾನು ಬಿ.ಎ. ಮುಗಿಸಿ ಮಣ್ಣಗುಡ್ಡದಿಂದ ನಡೆದು ಬಂದು ಟೈಪಿಸ್ಟ್ ಕುರ್ಚಿಯಲ್ಲಿ ಕೂತಾಗ ಅವರು ಆಗಲೇ ಅಲ್ಲಿ ಹದಿನೈದು ವರ್ಷ ಕಳೆದಿದ್ದರು. ಪಣಂಬೂರಿಗೆ ಯಾವ ಹಡಗು ಯಾವಾಗ ಬರುತ್ತದೆ, ಏನು ಇಳಿಸುತ್ತದೆ ಎಂದು ಬೊಂಬಾಯಿಗೂ ಪರದೇಶಕ್ಕೂ ತಿಳಿಸುವುದು ಅವರ ಕೆಲಸ. ಗಾಜಿನ ಕೋಣೆಯಲ್ಲಿ ಕೂತು ಸಂದೇಶವನ್ನು ಕುಟ್ಟಿದರೆ ಹಳದಿ ಪಟ್ಟಿಯ ಮೇಲೆ ತೂತುಗಳು ಬೀಳುತ್ತಿದ್ದವು. ಒಂದೊಂದು ಅಕ್ಷರಕ್ಕೆ ಒಂದೊಂದು ಬಗೆಯ ತೂತು. ಆಮೇಲೆ ಆ ಪಟ್ಟಿಯನ್ನು ಯಂತ್ರಕ್ಕೆ ತಿನ್ನಿಸಿದರೆ ಸಂದೇಶ ಹೊರಟಿತು.

ತಿನ್ನಿಸುವ ಮೊದಲು ಎಲ್ಲರೂ ಒಂದು ಪ್ರತಿ ಅಚ್ಚು ಹಾಕಿ ಓದಿ ನೋಡುತ್ತಾರೆ. ಬಾಯಮ್ಮ ಮಾತ್ರ ಪಟ್ಟಿಯನ್ನು ಎರಡು ಬೆರಳ ನಡುವೆ ಎಳೆಯುತ್ತಾ, ಕಿಟಕಿಯಾಚೆ ದೋಣಿಗಳತ್ತ ಮುಖ ಮಾಡಿರುತ್ತಿದ್ದರು. ನಡುವೆ ಬೆರಳು ಗಕ್ಕನೆ ನಿಲ್ಲುತ್ತಿತ್ತು. "ತಡಿ ಮಾರಾಯ್ತಿ, ತಾರೀಕು ತಪ್ಪಿತು." ತಪ್ಪಿಯೇ ಇರುತ್ತಿತ್ತು! ಒಮ್ಮೆ ಇಪ್ಪತ್ತೊಂದಕ್ಕೆ ಬರುವ ಹಡಗು ಹನ್ನೆರಡಕ್ಕೆ ಬರುತ್ತದೆಂದು ಮ್ಯಾನೇಜರರೇ ಬರೆದುಕೊಟ್ಟಿದ್ದರು. ಹಿಂದಿನ ಸಂದೇಶದ ತಾರೀಕು ನೆನಪಿದ್ದ ಬೆರಳು ಅದನ್ನೂ ಹಿಡಿಯಿತು. "ಕಳಿಸುವ ಮೊದಲು ಒಂದು ಸಲ ಬೆರಳು ಓಡಿಸಬೇಕು. ಹೋದ ಮೇಲೆ ಬಾ ಅಂದರೆ ಬರ್ತದಾ?" ಎನ್ನುವುದು ಅವರ ನಿತ್ಯದ ಮಾತು.

ನಿಜ ಹೇಳುತ್ತೇನೆ, ಮೊದಲು ನನಗೆ ಅವರನ್ನು ಕಂಡರೆ ಮೈಯೆಲ್ಲ ಉರಿ. ಬಂದ ಪ್ರತಿ ಕಾಗದಕ್ಕೂ "ಇಲ್ಲಿ ಬಾ, ಓದು. ನನ್ನ ಕೈ ಖಾಲಿ ಇಲ್ಲ" ಎಂದು ಕರೆಯುತ್ತಿದ್ದರು. ನಾನೇನು ಇವರಿಗೆ ಪುರಾಣ ಓದಲು ಬಂದವಳೇ ಎಂದು ಗೊಣಗುತ್ತಲೇ ಓದುತ್ತಿದ್ದೆ. ಮಧ್ಯಾಹ್ನ ಡಬ್ಬಿಯಿಂದ ಎರಡು ಸಾನ್ನಾ ನನ್ನ ತಟ್ಟೆಗೆ ಹಾಕುತ್ತಿದ್ದರು. ಹೂವಿನಂಥ ಆ ಇಡ್ಲಿ ತಿಂದು ಸಿಟ್ಟು ಅರ್ಧ ಇಳಿಯುತ್ತಿತ್ತು. ಹೀಗೇ ನಾಲ್ಕು ವರ್ಷ.

ಒಂದು ದಿನ ಅವಸರದಲ್ಲಿ ಕಾಗದವನ್ನು ತಲೆಕೆಳಗಾಗಿ ಕೊಟ್ಟೆ. ಬಾಯಮ್ಮ ಅದನ್ನು ಹಾಗೇ ಹಿಡಿದು, ಕನ್ನಡಕ ಸರಿಮಾಡಿ, ಗಂಭೀರವಾಗಿ ನೋಡುತ್ತಾ "ಹ್ಞೂಂ, ಓದು" ಎಂದರು.

ನಾನು ಮೆಲ್ಲಗೆ ಕೇಳಿದೆ. "ಬಾಯಮ್ಮ, ನಿಮಗೆ ಇದು ಕಾಣ್ತದಾ?"

ಅವರು ಗಾಜಿನ ಬಾಗಿಲು ಎಳೆದುಕೊಂಡರು. "ಮಂಜು ಮಂಜು. ಪೊರೆ ಬಂದಿದೆ. ಹಣ್ಣಾಗದೆ ಆಪರೇಷನ್ ಆಗುವುದಿಲ್ಲ ಅಂತಾರೆ ಡಾಕ್ಟ್ರು. ಮಗಳ ನರ್ಸಿಂಗ್ ಮುಗಿಯಲು ಇನ್ನೂ ಎರಡು ವರ್ಷ ಉಂಟು. ಅವಳ ಅಪ್ಪ ಇಲ್ಲ, ನಿನಗೆ ಗೊತ್ತುಂಟಲ್ಲ. ಯಾರಿಗೂ ಹೇಳ್ಬೇಡ ಆಯ್ತಾ?"

ಹೇಳಲಿಲ್ಲ. ಅಂದಿನಿಂದ ಅವರು ಕರೆಯುವ ಮೊದಲೇ ಹೋಗಿ ಓದತೊಡಗಿದೆ. ಇಷ್ಟು ದಿನ ಗೊಣಗಿದ್ದಕ್ಕೆ ನಾಚಿಕೆಯಾಗುತ್ತಿತ್ತು.

ಅಷ್ಟರಲ್ಲಿ ಬೊಂಬಾಯಿಯಿಂದ ಹೊಸ ಯಂತ್ರ ಬಂತು. ಟೇಪಿಲ್ಲ, ತೂತಿಲ್ಲ. ಟಿವಿಯಂಥ ಪರದೆಯ ಮೇಲೆ ಅಕ್ಷರ ಮೂಡುತ್ತದಂತೆ, ತಪ್ಪಿದರೆ ಅಲ್ಲೇ ತಿದ್ದಬಹುದಂತೆ. ಮ್ಯಾನೇಜರರ ಖುಷಿ ಹೇಳತೀರದು. "ಬಾಯಮ್ಮ, ಸೋಮವಾರ ಮೊದಲು ನೀವೇ ಕೂತು ತೋರಿಸಬೇಕು. ಕಷ್ಟ ಆದ್ರೆ ಹೇಳಿ, ಬೇರೆಯವರನ್ನು ನೋಡುವ" ಎಂದರು. ಮಾತು ಮೆತ್ತಗೇ ಇತ್ತು. ಅರ್ಥ ಮಾತ್ರ ನಮ್ಮಿಬ್ಬರಿಗೂ ಆಯಿತು. ಬೆರಳಿಗೆ ಸಿಗದ ಅಕ್ಷರವನ್ನು ಅವರು ಹೇಗೆ ಓದಿಯಾರು?

ಶನಿವಾರ ಮಧ್ಯಾಹ್ನ ಅವರು ನನ್ನ ಟೈಪ್‌ರೈಟರಿನ ಪಕ್ಕ ಕೂತರು. "ನನ್ನ ರಾಜೀನಾಮೆ ಟೈಪ್ ಮಾಡು. ಅವರ ಬಾಯಿಂದ ಹೋಗು ಅಂತ ಹೇಳಿಸಿಕೊಳ್ಳುವುದು ಬೇಡ."

"ಈಗಲೇ ಎಂತಕ್ಕೆ ಬಾಯಮ್ಮ?"

"ಹೇಳಿದ್ದು ಮಾಡು ಮಾರಾಯ್ತಿ."

ಮಾಡಿದೆ. ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಕಾಗದದ ಮೇಲೆ ಒಮ್ಮೆ ಬೆರಳಾಡಿಸಿ, ಏನೂ ಸಿಗದೆ, ನಕ್ಕು ಚೀಲಕ್ಕೆ ಹಾಕಿಕೊಂಡರು.

ಸೋಮವಾರ ಇಗರ್ಜಿಗೆ ಉಡುವ ಸೀರೆಯಲ್ಲಿ ಬಂದರು. ಡ್ರಾಯರಿನಲ್ಲಿದ್ದ ಜಪಮಾಲೆ, ಚಮಚ, ಬಾಚಣಿಗೆ ಎಲ್ಲ ಚೀಲ ಸೇರಿದವು. ಹೊಸ ಯಂತ್ರದ ಸುತ್ತ ಇಡೀ ಆಫೀಸು ನಿಂತಿತ್ತು. ಬೊಂಬಾಯಿಯ ಇಂಜಿನಿಯರ್ ಗುಂಡಿ ಒತ್ತಿದ. ಕಪ್ಪು ಪರದೆಯ ಮೇಲೆ ದಪ್ಪ ದಪ್ಪ ಹಸಿರು ಅಕ್ಷರಗಳು ಬೆಳಗಿದವು.

"ಓದಿ ಬಾಯಮ್ಮ" ಎಂದರು ಮ್ಯಾನೇಜರ್.

ಬಾಯಮ್ಮನ ಒಂದು ಕೈ ಚೀಲದೊಳಗಿತ್ತು, ಶನಿವಾರದ ಕಾಗದದ ಮೇಲೆ. ಅವರು ಮುಂದೆ ಬಾಗಿದರು, ಇನ್ನೂ ಸ್ವಲ್ಪ ಬಾಗಿದರು. ಆಮೇಲೆ ಓದತೊಡಗಿದರು. ಹಡಗಿನ ಹೆಸರು, ಬರುವ ತಾರೀಕು, ಸರಕು, ಕೊನೆಯ ಚುಕ್ಕೆಯವರೆಗೆ! ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆ ಸಂದೇಶವನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

"ಸಾಯ್ಬಾ ಭೊಗೊಸ್!" ದೇವರನ್ನು ಕರೆದು ಅವರು ನನ್ನತ್ತ ತಿರುಗಿದರು. "ಇದು ಹೊಳೀತದೆ ಮಾರಾಯ್ತಿ! ಕತ್ತಲೆಯಲ್ಲಿ ದೀಪ ಇಟ್ಟ ಹಾಗೆ ಉಂಟು!"

ತನ್ನ ಯಂತ್ರವನ್ನು ಹೊಗಳಿದರೆಂದು ಇಂಜಿನಿಯರ್ ಉಬ್ಬಿಹೋದ. ಬಿಳಿ ಕಾಗದದ ಬೆಳಕಿಗೆ ಮಂಜಾಗುತ್ತಿದ್ದ ಕಣ್ಣಿಗೆ ಕಪ್ಪಿನ ಮೇಲಿನ ಹಸಿರು ದಕ್ಕಿತ್ತು, ಅಷ್ಟೇ. ನಾನು ಹಿಂದಿನ ಜಗಲಿಗೆ ಓಡಿ, ಮೀನಿನ ವಾಸನೆಯ ಗಾಳಿಯಲ್ಲಿ ನಿಂತು ಮನಸಾರೆ ಅತ್ತೆ. ಅಬ್ಬ, ಬದುಕಿದೆವು ಅನ್ನಿಸಿತು.

ಸಂದೇಶ ಕಳಿಸುವ ಮೊದಲು ಅವರ ಎರಡು ಬೆರಳು ಮಾತ್ರ ಗಾಳಿಯಲ್ಲೇ ಒಂದನ್ನೊಂದು ಉಜ್ಜುತ್ತಿದ್ದವು. ಆ ಅಭ್ಯಾಸ ಹೋಗಲೇ ಇಲ್ಲ.

ಒಂದೂವರೆ ವರ್ಷದ ಮೇಲೆ ಪೊರೆ ಹಣ್ಣಾಗಿ ಆಪರೇಷನ್ ಆಯಿತು. ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿ ಆಫೀಸಿಗೆ ಬಂದವರು ನೇರ ನನ್ನ ಮೇಜಿಗೇ ಬಂದರು. "ಓ, ನಿನಗೆ ಮೂಗುಬೊಟ್ಟು ಉಂಟಾ? ನನಗೆ ಗೊತ್ತೇ ಇಲ್ಲ!" ಎಂದರು. ಮತ್ತೆ ಚೀಲದಿಂದ ಮಡಿಕೆ ಸವೆದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ನಾನು ತಲೆ ತಗ್ಗಿಸಿದೆ. ಅದು ರಾಜೀನಾಮೆಯಾಗಿರಲಿಲ್ಲ. ಆ ಶನಿವಾರ ನಾನು ಟೈಪ್ ಮಾಡಿದ್ದು ಒಂದು ತಿಂಗಳ ರಜೆಯ ಅರ್ಜಿ. ಒಂದು ತಿಂಗಳು ಸಿಕ್ಕಿದರೆ ಏನಾದರೂ ದಾರಿ ಕಾಣಬಹುದು ಎಂದಷ್ಟೇ ನನಗೆ ಹೊಳೆದದ್ದು.

"ಕಣ್ಣು ಬಂದ ಮೇಲೆ ಓದಿದ ಮೊದಲ ಕಾಗದ ಇದು. ಕಳ್ಳಿ!" ಎಂದು ನನ್ನ ಕಿವಿ ಹಿಂಡಿದರು. ಕಣ್ಣಲ್ಲಿ ನೀರಿತ್ತು.

ಅವರ ಮಗಳು ನರ್ಸ್ ಆದಳು. ಬಾಯಮ್ಮ ವಯಸ್ಸು ತುಂಬುವವರೆಗೂ ದುಡಿದೇ ನಿವೃತ್ತರಾದರು. ಈಗ ಅವರಿಲ್ಲ. ಕೊನೆಯ ಸಲ ನೋಡಲು ಹೋದಾಗ ಹಾಸಿಗೆಯಲ್ಲೇ ನನ್ನ ಕೈ ಹಿಡಿದು, ಬೆರಳುಗಳ ಮೇಲೆ ತಮ್ಮ ಬೆರಳು ಓಡಿಸುತ್ತಾ ಮೆಲ್ಲಗೆ ನಕ್ಕರು. "ಆಯುಷ್ಯದಲ್ಲಿ ಒಂದೇ ಒಂದು ಕಾಗದಕ್ಕೆ ಓದದೆ ಸಹಿ ಹಾಕಿದ್ದೇನೆ ಮಾರಾಯ್ತಿ, ನಿನ್ನನ್ನು ನಂಬಿ. ಅಂದು ಅದನ್ನು ಕೊಟ್ಟಿದ್ದರೂ ಬದುಕುತ್ತಿದ್ದೆ."