ಕೆಂಪು ನೀರಿನಲ್ಲಿ ಗಂಟಲು ತೊಳೆದದ್ದು

ಗದಗ ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ಕರ್ನಾಟಕ ಒಂದಾಗಬೇಕೆಂದು ಊರೆಲ್ಲ ಭಾಷಣ. ನನಗೋ, ಶಿರಹಟ್ಟಿಯ ಮನೆಯಿಂದ ದೂರ ಇದ್ದರೆ ಸಾಕಾಗಿತ್ತು. ಬೆಟಗೇರಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ತರಬೇತಿಗೆ ಅಪ್ಪ ಒಲ್ಲದ ಮನಸ್ಸಿನಿಂದ ಕಳಿಸಿದ್ದರು. ಒಮ್ಮೆ ಮನೆಗೆ ಮರಳಿದರೆ ಮದುವೆ ಮಾಡಿಯೇ ಬಿಡುತ್ತಾರೆಂದು ಗೊತ್ತಿತ್ತು.

ಆ ಬೇಸಿಗೆಯಲ್ಲಿ ಇಬ್ಬರು ಬಾಣಂತಿಯರಿಗೆ ಒಬ್ಬರ ಹಿಂದೊಬ್ಬರಿಗೆ ನಂಜಿನ ಜ್ವರ ಬಂತು. ಹೇಗೋ ಇಬ್ಬರೂ ಉಳಿದುಕೊಂಡರು. ಡಾಕ್ಟರಬಾಯಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು.

"ಆರಾಮ ಇದ್ದವರ ಗಂಟಲದಾಗೂ ಈ ಜ್ವರದ ಕ್ರಿಮಿ ಇರತಾವ. ನಾಳೆ ಮುಂಜಾನೆ ಎಲ್ಲಾರ ಗಂಟಲಕ್ಕ ಹತ್ತಿ ಕಡ್ಡಿ ಹಾಕಿ ತಗದು, ತಪಾಸಣಿಗೆ ಹುಬ್ಬಳ್ಳಿಗೆ ಕಳಿಸ್ತೀವಿ. ಕ್ರಿಮಿ ಸಿಕ್ಕವರು ಅವು ಹೋಗೂತನಕ ಊರಿಗೆ ಹೋಗಿ ಮನ್ಯಾಗ ಇರ್ರಿ."

ನನಗೆ ಕೆಮ್ಮಿಲ್ಲ, ನೆಗಡಿಯಿಲ್ಲ. ಆದರೂ ಹೆದರಿಕೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಗಾಯ ತೊಳೆದು ಕ್ರಿಮಿ ಕೊಲ್ಲುವ ಪರ್ಮಾಂಗನೇಟಿನ ಕೆಂಪು ನೀರಿನಲ್ಲಿ ನಾಲ್ಕೈದು ಸಲ ಗಂಟಲು ಮುಕ್ಕಳಿಸಿದೆ. ಕಂದು ಬಣ್ಣಕ್ಕೆ ತಿರುಗಿದ ಹಲ್ಲನ್ನು ಬೂದಿಯಿಂದ ತಿಕ್ಕಿದೆ. ಸ್ವಚ್ಛವಾಗಿ ಹೋಗುವುದರಲ್ಲಿ ತಪ್ಪೇನು ಎಂದು ನನಗೆ ನಾನೇ ಹೇಳಿಕೊಂಡೆ. ಇಂಥದ್ದರಲ್ಲಿ ನಾನು ಭಾರಿ ಜಾಣೆ. ಹುಬ್ಬಳ್ಳಿಯ ತಪಾಸಣೆಯಲ್ಲಿ ಯಾರಲ್ಲೂ ಏನೂ ಸಿಗಲಿಲ್ಲ.

ಎರಡು ವಾರದ ಮೇಲೆ ಕಳಸಾಪುರದ ಹುಡುಗಿಯೊಬ್ಬಳ ಚೊಚ್ಚಲ ಹೆರಿಗೆಗೆ ನಾನು ನಿಂತೆ. ವಿಪರೀತ ಸೆಕೆ. ಬಾಯಿಗೆ ಕಟ್ಟಿದ ಬಟ್ಟೆಯನ್ನು ಗದ್ದಕ್ಕೆ ಇಳಿಸಿಕೊಂಡು, ಬಾಗಿ ಅವಳಿಗೆ ಧೈರ್ಯ ಹೇಳುತ್ತಲೇ ಇದ್ದೆ. ಹೆಣ್ಣು ಕೂಸು ಹುಟ್ಟಿತು. ಮೂರನೆಯ ದಿನ ತಾಯಿಗೆ ಜ್ವರ. ಪೆನ್ಸಿಲಿನ್ ಚುಚ್ಚಿದರೂ ಇಳಿಯಲಿಲ್ಲ. ಆರನೆಯ ದಿನ ತೀರಿಕೊಂಡಳು.

ಮತ್ತೆ ಕಡ್ಡಿ ಹಾಕಿದರು, ಈ ಸಲ ಹೇಳದೆ ಕೇಳದೆ. ಕ್ರಿಮಿ ಸಿಕ್ಕದ್ದು ನನ್ನೊಬ್ಬಳಲ್ಲಿ.

"ಅಳಬ್ಯಾಡ. ಹಿಂದಿನ ತಪಾಸಣಿಯೊಳಗ ನಿನ್ನಲ್ಲಿ ಇರಲಿಲ್ಲಲ್ಲ. ಅಕಿಯಿಂದನ ನಿನಗ ಹತ್ತಿರಬೇಕು," ಎಂದು ಡಾಕ್ಟರಬಾಯಿ ನನ್ನ ತಲೆ ಸವರಿದರು. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆಗಲಾದರೂ ಕೆಂಪು ನೀರಿನ ಬಗ್ಗೆ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಟ್ರಂಕು ಹಿಡಿದು ಊರಿಗೆ ಹೊರಟಾಗ ಆಸ್ಪತ್ರೆಯ ಅಂಗಳದಲ್ಲಿ ಸತ್ತವಳ ಅತ್ತೆ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ನನ್ನನ್ನು ಕಂಡದ್ದೇ ಹತ್ತಿರ ಬರತೊಡಗಿದಳು. ನಾನು ಹಿಂದೆ ಸರಿದೆ.

"ನನ್ನ ಸೊಸಿ ಬಾಜೂ ಬಿಟ್ಟು ಏಳಲಿಲ್ಲ ನೀ. ನಿನ್ನ ಹೆಸರೇನ ಹೇಳವಾ. ಈ ಕೂಸಿಗೆ ಅದನ್ನ ಇಡ್ತೀವಿ."

ಬಾಯಿಗೆ ಸೆರಗು ಅಡ್ಡ ಹಿಡಿದು ಹೆಸರು ಹೇಳಿದೆ. ಅಷ್ಟನ್ನೇ ಹೇಳಿದೆ.